ಜೇಬಿನಲ್ಲಿ ಉಳಿದ ಅಯಸ್ಕಾಂತ

ಕುವೈತಿನ ಸಾಲ್ಮಿಯಾದಲ್ಲಿರುವ ನಮ್ಮ ಕಟ್ಟಡದ ಹಿಂದೆ ಹಳೆಯ ಪಿಕಪ್ಪೊಂದನ್ನು ದುರಸ್ತಿ ಮಾಡುತ್ತಿದ್ದೇನೆ. ಇಂದು ಬಾಗಿಲು ಉಜ್ಜುವಾಗ ಬಣ್ಣದಡಿಯಿಂದ, ತುಕ್ಕಿನ ತೂತು ಮುಚ್ಚಲು ಮೆತ್ತುವ ಪುಟ್ಟಿಯ ವಾಸನೆ ಎದ್ದಿತು.

ನಾನು ಹುಡುಗನಾಗಿದ್ದಾಗ ನಾವು ಇಲ್ಲೇ ಖೈತಾನ್‌ನಲ್ಲಿದ್ದೆವು; ಅಪ್ಪ ಸಬ್ಹಾನ್‌ನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ತಾಗಿಸಿ ನೋಡದೆ ಅವರು ಯಾವ ಹಳೆಯ ಗಾಡಿಯನ್ನೂ ಒಪ್ಪುತ್ತಿರಲಿಲ್ಲ. ಅದು ಹಿಡಿಯದ ಕಡೆ ತಗಡಿಲ್ಲ, ಬರೀ ಪುಟ್ಟಿ. ಆ ಅಯಸ್ಕಾಂತವನ್ನು ಜೋಪಾನವಾಗಿಡುವ ಕೆಲಸ ನನ್ನದು.

ಊರಿಗೆ ಮರಳುವ ಮುನ್ನ ಅಪ್ಪ ನಮ್ಮದೇ ಪಿಕಪ್ಪಿನ ತುಕ್ಕು ತಿಂದ ಬಾಗಿಲಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದರು. ಕೊಳ್ಳಲು ಬಂದವರು ನಮ್ಮೂರಿನವರೇ, ಹೋಟೆಲಿನ ಶೇಖರಣ್ಣ.

"ಸರೀ ನೋಡು ಮಾರಾಯ," ಎಂದರು ಅಪ್ಪ.

"ನಿಮ್ಮ ಗಾಡಿ ಅಲ್ವಾ ಅಣ್ಣ, ನೋಡ್ಲಿಕ್ಕೆ ಎಂತ ಉಂಟು?"

ಅಯಸ್ಕಾಂತ ನನ್ನ ಜೇಬಿನಲ್ಲಿತ್ತು. ಅಪ್ಪ ಒಮ್ಮೆ ನನ್ನತ್ತ ನೋಡಿದರು. ನಾನು ಜೇಬಿನಿಂದ ಕೈ ತೆಗೆಯಲಿಲ್ಲ. ಆಮೇಲೆ ಅವರು ಅದನ್ನು ಎಂದೂ ಕೇಳಲಿಲ್ಲ.

ಇಂದು ಮಗಳು ಅದೇ ಅಯಸ್ಕಾಂತವನ್ನು ಬಾಗಿಲಿಗೆ ಹಿಡಿದಳು. ಅದು ಜಾರಿ ನೆಲಕ್ಕೆ ಬಿತ್ತು.

"ಫುಲ್ ಪುಟ್ಟಿ ಪಪ್ಪಾ. ಯಾರು ಹೀಗೆ ಚೀಟ್ ಮಾಡಿದ್ದು?"

ಪುಟ್ಟಿ ತಗಡಿಗೆ ಸೇರುವ, ಏರುತಗ್ಗಿಲ್ಲದ ಅಂಚಿನ ಮೇಲೆ ಬೆರಳಾಡಿಸಿದೆ; ಅಪ್ಪ ತುಂಬಿದ ಪುಟ್ಟಿಯೂ ಹೀಗೇ ಇತ್ತು.

"ಯಾರೋ ಒಳ್ಳೆಯ ಕೆಲಸಗಾರ," ಎಂದೆ.