ಅತ್ಯುತ್ತಮ ಪೆಟ್ಟಿಗೆಯೂ ಸಾವಂತ ವಹಿನಿಯ ಹೆಪ್ಪೂ

ಯಾವುದಾದರೂ ವಸ್ತುವನ್ನು ‘ಅತ್ಯುತ್ತಮ’ ಎಂದು ಯಾರಾದರೂ ಹೊಗಳಿದರೆ ಈಗೀಗ ನನಗೆ ಮೈಯೆಲ್ಲ ಉರಿಯುತ್ತದೆ. ನಿಮಗೆ ಹಾಗಾಗುವುದಿಲ್ಲವೆಂದರೆ ನಿಮ್ಮ ಮನೆಯಲ್ಲಿ ನನ್ನ ಗಂಡನಂಥವರು ಇಲ್ಲ ಎಂದು ಅರ್ಥ. ಇವರು ಮೈಸೂರಿನವರು, ನಾನು ಧಾರವಾಡದವಳು, ಗಂಟು ಹಾಕಿದ್ದು ಮುಂಬಯಿ. ಬಾಂದ್ರಾದ ಒಂದು ಆಫೀಸಿನಲ್ಲಿ ಇವರಿಗೆ ಕೆಲಸ. ಆದರೆ ಇವರ ನಿಜವಾದ ಕಸುಬು, ಏನನ್ನೇ ಕೊಳ್ಳುವ ಮೊದಲು ಅದರ ಬಗ್ಗೆ ಓದುವುದು. ಮಿಕ್ಸರ್ ತರಬೇಕಾದರೆ ಅದರ ಬ್ಲೇಡಿನ ಜಾತಕ ನೋಡುತ್ತಾರೆ. ನನ್ನ ಜಾತಕವನ್ನು ಇಷ್ಟು ಗಮನವಿಟ್ಟು ನೋಡಿದ್ದರೆ ನನ್ನ ಸಿಟ್ಟಿನ ಸುಳಿವು ಆಗಲೇ ಸಿಗುತ್ತಿತ್ತು.

ಈಗಿನ ಸಿಟ್ಟಿಗೆ ಕಾರಣ ವಿಡಿಯೋ ಗೇಮ್ ಆಡುವ ಒಂದು ಪೆಟ್ಟಿಗೆ. ಸಾಂತಾಕ್ರೂಜಿನ ನಮ್ಮ ಹಳೆಯ ಬಿಲ್ಡಿಂಗು, ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಯಿತು, ನಾವು ಕಾಂದಿವಲಿಗೆ ಬಾಡಿಗೆಗೆ ಬಂದೆವು. ಮಗಳು ಅನಘಾ ಆರನೇ ಇಯತ್ತೆಯಲ್ಲಿದ್ದಾಳೆ. ಸಾಂತಾಕ್ರೂಜಿನಲ್ಲಿ ಅವಳು ಮೆಟ್ಟಿಲಿಳಿದರೆ ಎಲ್ಲ ಮನೆಗಳಿಂದಲೂ ಒಂದೊಂದು ಮಗು ಹಿಂದೆ ಬರುತ್ತಿತ್ತು. ಇಲ್ಲಿ ಅವಳನ್ನು ಮಾತಾಡಿಸುತ್ತಿದ್ದುದು ಲಿಫ್ಟು ಮಾತ್ರ, ಅದೂ ಮಹಡಿಯ ನಂಬರು ಹೇಳಲು. ಕಂಪೌಂಡಿನ ತುಂಬ ಕಾರುಗಳು ನಿಂತಿರುವುದರಿಂದ ಈ ಬಿಲ್ಡಿಂಗಿನ ಮಕ್ಕಳೆಲ್ಲ ಸಂಜೆಯಾದರೆ ಯಾರದಾದರೂ ಮನೆಯ ಹಾಲ್‌ನಲ್ಲಿ ಸೇರಿ ಗೇಮ್ ಆಡುತ್ತಾರೆ. ಅನಘಾ ತನಗೂ ಒಂದು ಪೆಟ್ಟಿಗೆ ಬೇಕೆಂದಳು. ಅವಳಿಗೆ ಬೇಕಾಗಿದ್ದುದು ಆ ಮಕ್ಕಳ ಜೊತೆ ಎಂಬುದು ನನಗೆ ತಕ್ಷಣ ತಿಳಿಯಿತು. ಇವರಿಗೆ ತಿಳಿದದ್ದು ಪೆಟ್ಟಿಗೆ ಬೇಕು ಎಂಬುದಷ್ಟೇ.

ಇವರು ಓದಲು ಕೂತರು. ಊಟದ ತಟ್ಟೆಯ ಪಕ್ಕದಲ್ಲಿ ಫೋನು, ವಿರಾರ್ ಲೋಕಲ್‌ನಲ್ಲಿ ಒಂಟಿ ಕಾಲಿನಲ್ಲಿ ನಿಂತಾಗಲೂ ಕೈಯಲ್ಲಿ ಫೋನು. ಯಾವುದರ ಚಿತ್ರ ನುಣುಪು, ಯಾವುದರ ಮಿದುಳು ಚುರುಕು, ಯಾವುದು ಬಿಸಿಯಾಗುವುದಿಲ್ಲ ಎಂಬುದೆಲ್ಲ ಬಾಯಿಪಾಠವಾಯಿತು. ಮೇಲಿನ ಮಹಡಿಯ ಮಕ್ಕಳ ಬಳಿ ಯಾವುದಿದೆ ಎಂದು ಒಂದು ಮಾತು ಕೇಳಿಬನ್ನಿ ಎಂದೆ. “ಅವರ ಹತ್ತಿರ ಇರೋದು ಸಾಧಾರಣ ಕಣೇ. ಎಲ್ಲಾರೂ ತಗೋತಾರೆ ಅಂತ ನಾವೂ ಕುರಿಮಂದೆ ಥರ ತಗೋಬೇಕಾ?” ಎಂದರು. ಕುರಿಗಳಿಗೆ ಇನ್ನೇನಿಲ್ಲದಿದ್ದರೂ ಮಂದೆಯಾದರೂ ಇರುತ್ತದೆ ಎಂಬ ಉತ್ತರ ನನಗೆ ಹೊಳೆದದ್ದು ಮರುದಿನ, ಪಾತ್ರೆ ತೊಳೆಯುವಾಗ.

ಅಂತೂ ಅತ್ಯುತ್ತಮ ಪೆಟ್ಟಿಗೆ ಮನೆಗೆ ಬಂತು. ಆರತಿ ಎತ್ತುವುದೊಂದು ಬಾಕಿ. ಅದರ ಆಟದಲ್ಲಿ ಹುಲ್ಲಿನ ಒಂದೊಂದು ಎಸಳೂ ಬೇರೆಬೇರೆಯಾಗಿ ಅಲುಗಾಡುತ್ತಿತ್ತು. ಅಪ್ಪ ಹುಲ್ಲು ನೋಡಿ ಹಿಗ್ಗಿದರು, ಮಗಳು ಒಬ್ಬಳೇ ಕೂತು ಆಡಿದಳು.

ಅಷ್ಟರಲ್ಲಿ ನಮ್ಮ ಮೇಲಿನ ಮನೆಯ ಸಾವಂತರ ಮಗಳು ರೇವಾಳ ಹುಟ್ಟುಹಬ್ಬ ಬಂತು. ಬಿಲ್ಡಿಂಗಿನ ಎಲ್ಲ ಮಕ್ಕಳಿಗೂ ಕರೆ. ಆಟವಿದೆ, ಎಲ್ಲರೂ ತಮ್ಮ ತಮ್ಮ ಕಂಟ್ರೋಲರ್ ತನ್ನಿ ಎಂದು ಮೆಸೇಜು. ಈ ಕಂಟ್ರೋಲರ್ ಎಂದರೆ ಎರಡೂ ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಹಿಡಿಕೆ. ಅನಘಾ ತಲೆಸ್ನಾನ ಮಾಡಿ, ಹೊಸ ಫ್ರಾಕು ತೊಟ್ಟು, ಆ ಹಿಡಿಕೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು. ಕೇಕು ಕತ್ತರಿಸಿದ ಸ್ವಲ್ಪ ಹೊತ್ತಿಗೇ ಮರಳಿ ಬಂದಳು.

“ಅಮ್ಮಾ, ನನ್ನದು ಕನೆಕ್ಟೇ ಆಗಲಿಲ್ಲ ನಾ. ಅವರದೆಲ್ಲ ಅಲಗ್ ಕಂಪನಿ ಕಾ ಹೈ. ಸಬ್ ಖೇಲ್ ರಹೇ ಥೇ, ನಾನು ಸುಮ್ಮನೆ ಕೂತಿದ್ದೆ” ಎಂದು ಹಿಡಿಕೆಯನ್ನು ಸೋಫಾದ ಮೇಲಿಟ್ಟು ಒಳಗೆ ಹೋದಳು. ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವಳು ಅಳಲಿಲ್ಲ.

“ನಿಮ್ಮ ಡಬ್ಬಿ ಜಗತ್ತಿನಾಗ ಎಲ್ಲಾಕ್ಕಿಂತ ಶಾಣ್ಯಾ ಇರಬಹುದರೀ,” ಎಂದು ನಾನು ಇವರ ಮೇಲೆ ಹರಿಹಾಯ್ದೆ. “ಈ ಬಿಲ್ಡಿಂಗಿನಾಗ ಅದನ್ನ ನಾಯೀನೂ ಮೂಸಿ ನೋಡಂಗಿಲ್ಲ. ಹುಲ್ಲು ಅಳ್ಳಾಡತದಂತ, ಹುಲ್ಲು! ಕೂಸಿನ ಮಾರಿ ನೋಡಿದ್ರೇನು?”

“ಅದು ಪೆಟ್ಟಿಗೆ ತಪ್ಪಲ್ಲ ಕಣೇ” ಎಂದರು ಇವರು. ಮಗಳ ಪಕ್ಷ ವಹಿಸಬೇಕಾದ ಗಳಿಗೆಯಲ್ಲಿ ಪೆಟ್ಟಿಗೆಯ ಪಕ್ಷ ವಹಿಸುವ ಗಂಡಸನ್ನು ಏನು ಮಾಡಬೇಕೆಂದು ನೀವೇ ಹೇಳಿ.

ಇವರನ್ನು ಬೈದು ಬಾಯಿ ಒಣಗಿದ ಮೇಲೆ ಆ ಕಂಪನಿಗಳನ್ನು ಬೈಯಲು ಶುರು ಮಾಡಿದೆ. ಬೈಯುವುದಾದರೆ ತಿಳಿದುಕೊಂಡು ಬೈಯಬೇಕೆಂದು ನಾನೂ ಒಂದಿಷ್ಟು ಓದಿದೆ. ಒಬ್ಬರ ಮನೆಯ ಲಟ್ಟಣಿಗೆ ಇನ್ನೊಬ್ಬರ ಮಣೆಯ ಮೇಲೆ ಉರುಳಬಾರದೆಂದು ಬೇಕೆಂದೇ ಮಾಡಿಟ್ಟ ಜನ ಈ ಕಂಪನಿಯವರು. ಪೆಟ್ಟಿಗೆಯನ್ನು ಎಷ್ಟೋ ಸಲ ನಷ್ಟಕ್ಕೇ ಮಾರಿ, ಆಮೇಲೆ ಒಂದೊಂದು ಆಟಕ್ಕೂ ಕಿಸೆಗೆ ಕೈ ಹಾಕುತ್ತಾರೆ. ಹಾಗಿದ್ದೂ ಈ ಪೆಟ್ಟಿಗೆಗಳಲ್ಲಿ ಕೆಲವು ಉದ್ಧಾರವಾಗುತ್ತವೆ, ಕೆಲವು ಹುಟ್ಟಿದ ಮನೆಯಲ್ಲೇ ಕಣ್ಣು ಮುಚ್ಚುತ್ತವೆ. ಸತ್ತವುಗಳ ಪಟ್ಟಿ ನೋಡಿ ನನಗೆ ಬೆರಗಾಯಿತು. ಒಂದು ತೀರ ಬೇಗ ಬಂತಂತೆ, ಒಂದು ತಡವಾಗಿ. ಒಂದಕ್ಕೆ ಆಟ ಬರೆಯುವುದೇ ತಲೆನೋವಂತೆ. ಇನ್ನೊಂದಕ್ಕೆ ಎಂಥ ಹೆಸರಿಟ್ಟರೆಂದರೆ, ಅದು ಹೊಸ ಯಂತ್ರವೋ ಹಳೆಯದರ ಬಾಲವೋ ಎಂದು ಕೊಳ್ಳುವವರಿಗೇ ತಿಳಿಯಲಿಲ್ಲ. ಗೆದ್ದವುಗಳಲ್ಲಿ ಕೆಲವಂತೂ ಬಡಪಾಯಿ ಯಂತ್ರಗಳು, ಚಿತ್ರ ಸಾಧಾರಣ, ಮಿದುಳು ಮಂದ.

ನಿಜವಾದ ರೋಗ ಬೇರೆಯೇ ಇದೆ. ಆಡುವವರು ಇಲ್ಲದೆ ಆಟ ಬರೆಯುವವರು ಬರುವುದಿಲ್ಲ, ಆಟಗಳಿಲ್ಲದೆ ಆಡುವವರು ಬರುವುದಿಲ್ಲ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂದು ನಮ್ಮವರು ಯಾವ ಕಂಪನಿಯನ್ನೂ ನೋಡದೆ ಹೇಳಿಬಿಟ್ಟಿದ್ದಾರೆ. ನಮ್ಮ ಪೆಟ್ಟಿಗೆಗೂ ಅದೇ ಆಯಿತು. ಇದಕ್ಕೆ ಇನ್ನು ಹೊಸ ಆಟಗಳು ಬರುವುದಿಲ್ಲ ಎಂದು ಕಂಪನಿಯವರು ಒಂದು ದಿನ ಪ್ರಕಟಿಸಿದರು. ಇವರು ಸೂತಕದವರಂತೆ ಕೂತು, “ಇಷ್ಟು ಒಳ್ಳೇದಕ್ಕೆ ನ್ಯಾಯ ಸಿಗಲಿಲ್ಲ ನೋಡು” ಎಂದು ಮರುಗಿದರು. ಮಗಳಿಗೆ ಸಿಗದ ನ್ಯಾಯದ ಬಗ್ಗೆ ಚಕಾರವಿಲ್ಲ.

ಆ ಸಂಜೆ ಸಿಟ್ಟಿನಲ್ಲೇ ಹಾಲು ಕಾಯಿಸುತ್ತ ನಿಂತಿದ್ದಾಗ ಮೂಲೆಯಲ್ಲಿದ್ದ ಮೊಸರಿನ ಯಂತ್ರ ಕಣ್ಣಿಗೆ ಬಿತ್ತು. ಅದೂ ಇವರು ಓದಿ ತಂದದ್ದೇ, ಅದೂ ಅತ್ಯುತ್ತಮ. ಹಾಲನ್ನು ಹದವಾಗಿ ಬೆಚ್ಚಗಿಡುತ್ತದೆ, ಆದರೆ ಹೆಪ್ಪು ಹಾಕದಿದ್ದರೆ ಮರುದಿನವೂ ಹಾಲು ಹಾಲೇ. ಧಾರವಾಡದಲ್ಲಿ ನಮ್ಮ ಅವ್ವ ಹೊಸ ಮನೆಗೆ ಹೋದಾಗೆಲ್ಲ ಮೊದಲು ಮಾಡುತ್ತಿದ್ದ ಕೆಲಸ, ಬಟ್ಟಲು ಹಿಡಿದು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗುವುದು. ಮನೆಯಲ್ಲಿ ಇದ್ದರೂ ಕೇಳುತ್ತಿದ್ದಳು. ಕಾಂದಿವಲಿಯಲ್ಲಿ ನಮಗೆ ಹೆಪ್ಪಿಗೂ ಫೋನಿನಲ್ಲೇ ಪ್ಯಾಕೆಟ್ ಮೊಸರು ಬರುತ್ತಿತ್ತು. ಹೀಗಾಗಿ ಬಂದಾಗಿನಿಂದ ಯಾರ ಬಾಗಿಲನ್ನೂ ಬಡಿಯುವ ಪ್ರಸಂಗವೇ ಬಂದಿರಲಿಲ್ಲ. ಪಕ್ಕದ ಮನೆಯಲ್ಲಿ ಹೆಪ್ಪಿಲ್ಲದ ಯಂತ್ರ ಎಷ್ಟು ಶಾಣ್ಯಾ ಆದರೇನು?

ಅನಘಾಳ ಕೈಗೆ ಬಟ್ಟಲು ಕೊಟ್ಟು, ರೇವಾಳ ತಾಯಿ ಸಾವಂತ ವಹಿನಿಯ ಹತ್ತಿರ ವಿರ್ಜಣ ಕೇಳಿ ತಾ ಎಂದೆ. ಮರಾಠಿಯಲ್ಲಿ ಹೆಪ್ಪಿಗೆ ವಿರ್ಜಣ, ಅತ್ತಿಗೆಗೆ ವಹಿನಿ ಎನ್ನುತ್ತಾರೆ.

“ಆ್ಯಪ್‌ನಲ್ಲಿ ತರಿಸು ನಾ ಅಮ್ಮಾ!”

“ಹೋಗ್ತೀಯೋ ಇಲ್ಲೋ?” ಎಂದೆ. ನನ್ನ ಮುಖ ನೋಡಿ ಹೊರಟಳು.

ಹಾಲು ಉಗುರುಬೆಚ್ಚಗಾಯಿತು, ತಣ್ಣಗಾಯಿತು, ಹುಡುಗಿಯ ಪತ್ತೆಯಿಲ್ಲ. ದೇವರ ಮುಂದೆ ದೀಪ ಹಚ್ಚಿ ನಾನೇ ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ನನ್ನ ಬಟ್ಟಲು ಚಪ್ಪಲಿ ಸ್ಟ್ಯಾಂಡಿನ ಮೇಲೆ ಖಾಲಿ ಕೂತಿತ್ತು. ಅನಘಾ ನೆಲದ ಮೇಲೆ ರೇವಾಳ ಪಕ್ಕ ಕೂತು, ಆ ಮನೆಯ ಇನ್ನೊಂದು ಹಿಡಿಕೆ ಹಿಡಿದು, ಕಿರುಚುತ್ತ ಗುಂಡಿ ಒತ್ತುತ್ತಿದ್ದಳು. ಪರದೆಯ ಮೇಲಿನ ಹುಲ್ಲು ಬರೀ ಹಸಿರು ಬಣ್ಣ ಬಳಿದಂತಿತ್ತು. ನಾನು ಬಂದದ್ದನ್ನು ಅವಳು ನೋಡಲೂ ಇಲ್ಲ.

“ಬಸಾ ನಾ, ಚಹಾ ಠೇವತೆ” ಎಂದು ವಹಿನಿ ಕೂರಿಸಿದರು. ವಿರ್ಜಣ ಎಂದೆ. “ಆತಾ ನಾಹೀ ಹಾಂ, ದಿವಾ ಲಾಗಲಾ. ಉದ್ಯಾ ಸಕಾಳೀ.” ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ, ನಾಳೆ ಬೆಳಿಗ್ಗೆ. ನಮ್ಮ ಅವ್ವನೂ ಕೊಡುತ್ತಿರಲಿಲ್ಲ. ಚಹಾ ಕುಡಿದು ಬರಿಗೈಯಲ್ಲಿ ಇಳಿದು ಬಂದೆ.

ಬೆಳಿಗ್ಗೆ ಇವರ ಊಟದ ಡಬ್ಬಿ ಕಟ್ಟುವಾಗ ಮೊಸರಿಲ್ಲ ಎಂದೆ. “ಮಷೀನ್ ಕೈಕೊಡ್ತಾ?” ಎನ್ನುತ್ತ ಇವರು ಫೋನು ತೆಗೆದು, ಅದಕ್ಕಿಂತ ಒಳ್ಳೆಯದು ಯಾವುದೆಂದು ಓದಲು ಕೂತೇಬಿಟ್ಟರು. ಇಳಿಯುತ್ತಿದ್ದ ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. ಆಗಲೇ ಬಾಗಿಲ ಬೆಲ್ ಆಯಿತು. ಸ್ಕೂಲ್ ಬಸ್ಸಿಗೆ ಅನಘಾಳನ್ನು ಕರೆಯಲು ಬಂದ ರೇವಾಳ ಕೈಯಲ್ಲಿ ನನ್ನ ಬಟ್ಟಲು, ಅದರ ತುಂಬ ಗಟ್ಟಿ ಮೊಸರು.

ಅನಘಾ ಬಟ್ಟಲನ್ನೂ ನನ್ನನ್ನೂ ನೋಡಿ, “ಹೆಪ್ಪು ಬಂತಲ್ಲ ಅಮ್ಮಾ, ಇವತ್ತು ಸಂಜೆ ಹೋಗೋದು ಬೇಡವಾ?” ಎಂದು ಸಣ್ಣ ದನಿಯಲ್ಲಿ ಕೇಳಿದಳು.

ನಾನು ಬಟ್ಟಲಿನಲ್ಲಿದ್ದುದನ್ನು ಅಷ್ಟೂ ಇವರ ಡಬ್ಬಿಯ ಅನ್ನಕ್ಕೆ ಸುರಿದು ಕಲಸಿದೆ. ಬಟ್ಟಲು ತೊಳೆದು ಒರೆಸಿ ಬಾಗಿಲ ಪಕ್ಕ ಇಟ್ಟೆ.

“ಹೆಪ್ಪು ಮುಗೀತವ್ವಾ. ಸಂಜೀಕ ಮತ್ತ ಹೋಗು,” ಎಂದೆ. “ದೀಪ ಹಚ್ಚಿದ ಮ್ಯಾಲೆ ಹೋಗು.”