ಅಪಾಯದ ಫೋಲ್ಡರ್

ದಾಳಿಂಬ ಊರಿಗೆ ಹೊರಳುವ ಫಾಟಾದ ಬಳಿ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಒಂದು ಶೇರ್ ಆಟೋ ನನ್ನ ಕಣ್ಣೆದುರೇ ಮಗುಚಿತು. ಯಾರೂ ಸಾಯಲಿಲ್ಲ. ಕಾಲು ಮುರಿದದ್ದು ಡ್ರೈವರನ ಪಕ್ಕ ಅರ್ಧ ಮೈ ಹೊರಗಿಟ್ಟು ಕುಳಿತವನದು. ದಿನವೂ ನಾನು ಕೂರುವ ಜಾಗವದು. ಅಂದಿನಿಂದ ರಜೆ ಹಾಕಿ, ಮೊಬೈಲಿನ ಇ-ಪುಸ್ತಕಗಳನ್ನು ವಿಂಗಡಿಸುತ್ತ ಮನೆಯಲ್ಲೇ ಕುಳಿತೆ. ಹೆಚ್ಚಿನವು ಲೋಕ ಮರೆಸುವ ಕಾದಂಬರಿಗಳು. ಪತ್ತೇದಾರಿ, ದೆವ್ವ, ಪ್ರೇಮ ಎಂದು ಫೋಲ್ಡರ್ ಮಾಡಿದೆ. ಕಥೆಯಲ್ಲಿ ವಾಹನ ಬಂದರೆ ಆ ಪುಸ್ತಕವನ್ನು ‘ಅಪಾಯ’ಕ್ಕೆ ತಳ್ಳಿದೆ. ದೆವ್ವಗಳು ಉಳಿದುಕೊಂಡವು, ಅವು ನಡೆದೇ ಬರುತ್ತವೆ. ಪ್ರೇಮಿಗಳಿಗೆಲ್ಲ ಬೈಕಿನ ಹುಚ್ಚು, ಒಬ್ಬರೂ ಉಳಿಯಲಿಲ್ಲ.

ಹೆಂಡತಿ ಇಣುಕಿ ನೋಡಿದಳು. “ಅಡಗಿ ಪುಸ್ತಕನೂ ಅಪಾಯದಾಗ ಹಾಕೀರಲ್ರೀ?”

“ಅದರಾಗ ಕುಕ್ಕರ್ ಅದ.”

“ಭಾಳ ಓದ್ಯಾನ ಅಂತ ನಮ್ಮಪ್ಪ ನಿಮಗ ಕೊಟ್ಟಾನ ನೋಡ್ರಿ! ಇವತ್ತ ಉಮರ್ಗಾಕ್ಕ ಹೋಗಲಿಲ್ಲಂದ್ರ ನೌಕರಿ ಹೋಗ್ತದ. ಏಳ್ರಿ, ನಾನೂ ಬರ್ತೀನಿ.”

ಗಂಡಸರು ಡ್ರೈವರನ ಪಕ್ಕ, ಹೆಂಗಸರು ಹಿಂದೆ ಎನ್ನುವುದು ನಮ್ಮ ಕಡೆಯ ಆಟೋಗಳ ರೂಢಿ. ನಾನು ನೇರ ಹಿಂದಕ್ಕೇ ಹತ್ತಿದೆ. ಹೆಂಗಸರೆಲ್ಲ ನಕ್ಕರು. ಒಬ್ಬ ಮುದುಕಿ ಮಾತ್ರ, “ಬಾ ತಮ್ಮಾ, ನನ್ನ ಕೈ ಹಿಡಕೋ” ಎಂದಳು.

ಹಿಡಿದುಕೊಂಡೆ. ಉಮರ್ಗಾ ಬಂದ ಮೇಲೆ ಅವಳೇ ಬಿಡಿಸಿಕೊಳ್ಳಬೇಕಾಯಿತು.