ಎರಡನೇ ಗುಂಡಿಯವರೆಗಿನ ಗಡ್ಡ

ನಮ್ಮನೆಯವರಿಗೆ ಶಿವಾಜಿನಗರದ ಮಾರ್ಕೆಟ್ಟಲ್ಲಿ ಈರುಳ್ಳಿ ವ್ಯಾಪಾರ. ಅಲ್ಲಿಗೆ ಬಂದ ಒಬ್ಬ ಡೈರೆಕ್ಟರು ಇವರ ಗಡ್ಡ ನೋಡಿ ಸಿನಿಮಾದಲ್ಲಿ ಸನ್ಯಾಸಿ ಪಾರ್ಟು ಕೊಟ್ಟ. ಕೆ.ಆರ್. ಪುರದ ಆಚೆ ಮಾವಿನ ತೋಪಲ್ಲಿ ಒಂದು ವಾರ ಶೂಟಿಂಗ್ ಆಯ್ತು. ಹೊರಡುವಾಗ, "ಯಜಮಾನ್ರೇ, ಮತ್ತೆ ಕರೀತೀವಿ. ಅಲ್ಲೀವರೆಗೂ ಗಡ್ಡ, ಕೂದಲು ಹೀಗೇ ಇರಲಿ. ಇಲ್ಲಾಂದ್ರೆ ಸೀನು ಕೆಡುತ್ತೆ" ಅಂದ.

ಅಷ್ಟೇ. ವೇದವಾಕ್ಯ ಆಗೋಯ್ತು. ಗಡ್ಡ ಅಂಗಿಯ ಎರಡನೇ ಗುಂಡಿ ಮುಟ್ಟಬೇಕು, ದಾಟಬಾರದು. ದಾಟಿದರೆ ಕತ್ತರಿ, ಬೆಳ್ಳಗಾದರೆ ಬಣ್ಣ. "ಏನ್ ಸಾಮಿ, ಹಿಮಾಲಯಕ್ಕೆ ಬಸ್ ಸಿಗ್ಲಿಲ್ವಾ?" ಅಂತ ಮಾರ್ಕೆಟ್ಟಿನೋರು ಆಡಿಕೊಂಡರು. ನಾನೂ ಬೈದೆ. ವರ್ಷಗಳು ಉರುಳಿದವು, ಯಾರೂ ಕರೀಲಿಲ್ಲ.

ಆಮೇಲೆ ನಮ್ಮತ್ತೆ ಸತ್ತರು. ತಿಥಿ ದಿನ ಗಂಡುಮಕ್ಕಳು ತಲೆ, ಗಡ್ಡ, ಮೀಸೆ ಬೋಳಿಸಬೇಕು. ಮೈದುನ ಬೋಳಿಸಿಕೊಂಡ. ಹಿರೀಮಗ ಇವರು, ಕ್ಷೌರದವನ ಮುಂದಿನಿಂದ ಎದ್ದುಬಿಟ್ಟರು.

"ಇನ್ನೇನು ಕರೀತಾರೆ ಕಣೋ. ಮಾತು ಕೊಟ್ಟಿದೀನಿ."

"ಥೂ! ಹೆತ್ತೋಳಿಗಿಂತ ಗಡ್ಡ ಹೆಚ್ಚಾಯ್ತಾ? ನನ್ನ ಮನೆ ಬಾಗಿಲು ತುಳೀಬೇಡ" ಅಂದ ಮೈದುನ. ಪಿಂಡ ಅವನೊಬ್ಬನೇ ಇಟ್ಟ. ಇವರು ಬೀದೀಲಿ ನಿಂತು ನೋಡಿದರು.

ಎಷ್ಟೋ ವರ್ಷ ಆದಮೇಲೆ ಒಂದು ಭಾನುವಾರ ಮಧ್ಯಾಹ್ನ ಮೇಲಿನ ಮನೆ ಹುಡುಗಿ ಕೂಗಿದಳು. "ಆಂಟಿ, ಅಂಕಲ್ ಸಿನಿಮಾ ಯಾಕೆ ನಿಂತೋಯ್ತು ಅಂತ ಟೀವೀಲಿ ತೋರಿಸ್ತಿದಾರೆ, ಬನ್ನಿ!"

ಇವರು ಇಸ್ತ್ರಿ ಅಂಗಿ ಹಾಕಿಕೊಂಡೇ ಮೆಟ್ಟಿಲು ಹತ್ತಿದರು. ಟೀವೀಲಿ ಆಗ ತೆಗೆದಿದ್ದನ್ನೆಲ್ಲ ತೋರಿಸ್ತಿದ್ದರು. ತೋಪಲ್ಲಿ ಇವರು ಕಮಂಡಲ ಹಿಡಿದು ನಡೆದು ಹೋದರು. ಕಣ್ಣು ಮಿಟುಕಿಸೋಷ್ಟು ಹೊತ್ತು. ಹುಡುಗಿ ಚಪ್ಪಾಳೆ ತಟ್ಟಿದಳು. ಇವರು ಗಡ್ಡದ ತುದಿ ಹಿಡಿದು ಗುಂಡಿ ಮುಟ್ಟಿ ನೋಡಿಕೊಂಡರು. ಸರಿಯಾಗೇ ಇತ್ತು.

ಆಮೇಲೆ ಟೀವೀಲಿ ಆ ಡೈರೆಕ್ಟರು ಬಂದ, ಮುದುಕ ಆಗಿದ್ದ. "ಆ ವಾರದಲ್ಲೇ ಗೊತ್ತಾಗೋಯ್ತು, ಇದು ಮುಗಿಯೋ ಸಿನಿಮಾ ಅಲ್ಲ ಅಂತ. ಎಲ್ರಿಗೂ ಮತ್ತೆ ಕರೀತೀವಿ ಅಂತ ಹೇಳಿ ಕಳಿಸಿದ್ವಿ" ಅಂತ ನಕ್ಕ.

ಇವರು ನನ್ನ ಕಡೆ ತಿರುಗಿದರು. "ಆ ವಾರಾನೇ ಅಂದ್ನಾ?"

"ಹೂಂ, ಅಂದ."

ಮಾರನೇ ದಿನ ಅಂಗಡಿ ತೆಗೀಲಿಲ್ಲ. ಬೆಳಗ್ಗೇನೇ ಹೋಗಿ ತಲೆ, ಗಡ್ಡ, ಮೀಸೆ ಎಲ್ಲಾ ಬೋಳಿಸಿ, ತಣ್ಣೀರು ಸುರಿದುಕೊಂಡು, "ನಡಿ" ಅಂದರು. ಹಲಸೂರಿಂದ ಬಸ್ ಹತ್ತಿ ಟಿನ್ ಫ್ಯಾಕ್ಟರಿ ಸ್ಟಾಪಲ್ಲಿ ಇಳಿದು ಮೈದುನನ ಮನೆಗೆ ಹೋದೆವು.

ಬಾಗಿಲು ತೆಗೆದ ಮೈದುನನಿಗೆ ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ಗಾಬರಿಯಾಗಿ, "ಯಾರಣ್ಣಾ ಹೋದ್ರು?" ಅಂದ.

"ಅಮ್ಮ" ಅಂದರು ಇವರು.